ಸಿದ್ದರಾಜು ಅವರ ಹಿನ್ನೆಲೆ ಓದಿದ ಭಾನುವಾರ

ಈಗ ಬರೆಯಲಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ಹೇಳಿ ಹೇಳಿ ನನ್ನ ಬಾಯಲ್ಲೇ ಬೆಳೆದದ್ದು ಎಂಬುದು ನನಗೆ ಖಚಿತವಿಲ್ಲ. ಅಂದು ಮೈದಾನದ ಮೇಲೆ ಮಂಜು ಕವಿದಿತ್ತು ಎಂದು ನೆನಪು. ಆದರೆ ಜುಲೈ ತಿಂಗಳಲ್ಲಿ ಮೈಸೂರಿಗೆ ಮಂಜು ಎಲ್ಲಿಂದ ಬರಬೇಕು? ಮೂರು ಸಾಲಿನವರೂ ನಕ್ಕರು ಎಂದು ನೆನಪು. ನಾಲ್ಕೈದು ಜನ ಮಾತ್ರ ನಕ್ಕಿದ್ದೂ ಇರಬಹುದು. ಈ ಮೊದಲ ಪ್ಯಾರಾವನ್ನೇ ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವನಿಗೆ ಬೇರೆಯವರು ಕೊಟ್ಟ ಅಂಕಿಯನ್ನು ನಂಬದಿರುವ ಚಾಳಿ ಅಂಟಿಕೊಳ್ಳುತ್ತದೆ. ನಿವೃತ್ತನಾದ ಮೇಲೆ ಆ ಚಾಳಿ ನನ್ನ ನೆನಪಿನ ಕಡೆಗೇ ತಿರುಗಿಕೊಂಡಿದೆ.

ಬರೆಯುವಂತೆ ಮಾಡಿದವಳು ಕಾವ್ಯ. ಒಂದು ಕಾಲಕ್ಕೆ ನನ್ನ ಕೆಡೆಟ್ ಆಗಿದ್ದವಳು, ಈಗ ತಾನೇ ಅಧ್ಯಾಪಕಿ. ಹೋದ ವರ್ಷ ಅವಳಿಗೆ ಅವಳ ಕಾಲೇಜಿನ ಕೆಡೆಟ್ ದಳದ ಹೊಣೆ ಬಂತು. ಮನೆಗೆ ಬಂದು, "ಸಾರ್, ಡ್ರಿಲ್ಲು, ರೈಫಲ್ಲು, ನಕಾಶೆ ಎಲ್ಲಾ ಕೈಪಿಡೀಲಿದೆ. ಅದ್ರಲ್ಲಿಲ್ಲದ್ದನ್ನ ಬರ್ಕೊಡಿ" ಎಂದಳು. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಇದು.

ಕೆಲಸ ಇಷ್ಟು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮೂರು ವರ್ಷದ ತರಬೇತಿ ಕೊಟ್ಟು, ಆಸೆ ಮತ್ತು ಶಕ್ತಿ ಇರುವವರನ್ನು ಸೇನಾಧಿಕಾರಿಗಳ ಆಯ್ಕೆಗೆ ಸಿದ್ಧ ಮಾಡುವುದು. ಕಾಲೇಜಿನ ಕಡೆಯಿಂದ ಒಬ್ಬ ಮೇಷ್ಟ್ರು ಸಮವಸ್ತ್ರ ತೊಟ್ಟು ಉಸ್ತುವಾರಿ ನೋಡುತ್ತಾನೆ. ನಿಜವಾಗಿ ಕಲಿಸುವವರು ಸೇನೆಯಿಂದ ಎರಡು ಮೂರು ವರ್ಷಕ್ಕೆಂದು ಬರುವ ಹವಾಲ್ದಾರರು, ಸುಬೇದಾರರು. ನಾನು ಆ ಮೇಷ್ಟ್ರಾಗಿ ಹದಿನೆಂಟು ವರ್ಷ ಇದ್ದೆ. ಭುಜದ ಮೇಲೆ ನಕ್ಷತ್ರ ಬಂದದ್ದರಿಂದ ನನಗೇನೂ ತಿಳಿವಳಿಕೆ ಬರಲಿಲ್ಲ. ಮೊದಲ ವರ್ಷವೇ ಅತಿಥಿಗಳ ಮುಂದೆ ತಪ್ಪು ಹೆಜ್ಜೆಯ ಮೇಲೆ ನಿಲ್ಲುವ ಆಜ್ಞೆ ಕೊಟ್ಟು "ಥಮ್" ಎಂದುಬಿಟ್ಟೆ. ಅರ್ಧ ಜನ ನಿಂತರು, ಅರ್ಧ ಜನ ನಡೆದರು, ಹಿಂದಿನ ಸಾಲಿನವರು ಮುಂದಿನವರ ಬೆನ್ನಿಗೆ ಹಾಯ್ದರು. ಆಗ ಇದ್ದ ಸುಬೇದಾರರು ನನ್ನ ಕಿವಿಯ ಹತ್ತಿರ ಬಂದು, "ಸಾರ್, ನೀವು ಸುಮ್ನೆ ನಿಂತ್ಕೊಂಡ್ರೆ ಚೆನ್ನಾಗ್ ಕಾಣಿಸ್ತೀರಾ" ಎಂದಿದ್ದರು. ಅಂದಿನಿಂದ ಹಾಗೇ ನಿಂತುಕೊಂಡೆ.

ನಿಂತವನಿಗೆ ನೋಡುವುದಕ್ಕೆ ಬಿಡುವು ಸಿಗುತ್ತದೆ. ಬೋಧಕರು ಬದಲಾಗುತ್ತಲೇ ಇರುತ್ತಿದ್ದರು. ಯಾರು ಯಾವ ದಳದಿಂದ ಬಂದವರೆಂದು ಅವರ ಪಾಠದಲ್ಲೇ ತಿಳಿಯುತ್ತಿತ್ತು. ಫಿರಂಗಿ ದಳದವರೊಬ್ಬರು ಎರಡಡಿ ದೂರದಲ್ಲಿದ್ದವರ ಜೊತೆಗೂ ಕೂಗಿ ಮಾತಾಡುತ್ತಿದ್ದರು. ಅವರ ಎಡಗಿವಿ ಹೋಗಿತ್ತು. ಸಂಪರ್ಕ ದಳದವರು ಪ್ರತಿ ಸೂಚನೆಯನ್ನೂ ಎರಡು ಸಲ ಹೇಳಿ, ನಮ್ಮ ಬಾಯಿಂದ ಮರಳಿ ಹೇಳಿಸಿಯೇ ಬಿಡುತ್ತಿದ್ದರು, ಚಹಾಕ್ಕೆ ಸಕ್ಕರೆ ಬೇಡ ಎಂಬುದನ್ನೂ. ಕಾಲಾಳು ಪಡೆಯವರು ಮುಖಕ್ಕಿಂತ ಮೊದಲು ಹುಡುಗರ ಕಾಲು ನೋಡುತ್ತಿದ್ದರು. ಒದ್ದೆ ಕಾಲುಚೀಲ ಕಂಡರೆ ಅವರಿಗೆ ತಮ್ಮ ಕಾಲೇ ಕೊಳೆಯುತ್ತಿದ್ದಂತೆ ಸಂಕಟವಾಗುತ್ತಿತ್ತು. ಈ ಹಿನ್ನೆಲೆಗಳು ಪುಸ್ತಕದ ಪಾಠಕ್ಕಿಂತ ಹೆಚ್ಚು ಕಲಿಸುತ್ತವೆ ಎಂದು ನಂಬಿ ನಾನೇ ಒಂದು ಪದ್ಧತಿ ಶುರುಮಾಡಿದೆ. ವರ್ಷದ ಮೊದಲ ಪೆರೇಡಿನ ಭಾನುವಾರ, ಹೊಸ ಕೆಡೆಟ್‌ಗಳ ಎದುರು ಬೋಧಕರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹಿನ್ನೆಲೆಯನ್ನೂ ಗಟ್ಟಿಯಾಗಿ ಓದುವುದು: ಯಾವ ದಳ, ಎಲ್ಲೆಲ್ಲಿ ಸೇವೆ, ಏನು ಕೆಲಸ. ಪದ್ಧತಿ ಒಳ್ಳೆಯದೇ ಇತ್ತು. ಓದುವವನು ಸರಿಯಿರಬೇಕಿತ್ತು.

ನನ್ನ ಹತ್ತನೆಯದೋ ಹನ್ನೊಂದನೆಯದೋ ವರ್ಷ ಹವಾಲ್ದಾರ್ ಸಿದ್ದರಾಜು ಬಂದರು. ತಿ. ನರಸೀಪುರದ ಕಡೆಯವರು, ಮೂವತ್ತೈದರ ಆಸುಪಾಸು, ತೆಳ್ಳನೆಯ ಆಳು. ಬಹುಪಾಲು ಬೋಧಕರು ಹಿಂದಿಯಲ್ಲೇ ಕಲಿಸುತ್ತಿದ್ದಾಗ ಇವರು ಕನ್ನಡದಲ್ಲಿ ಕಲಿಸುತ್ತಿದ್ದುದರಿಂದ ಹಳ್ಳಿಯಿಂದ ಬಂದ ಹುಡುಗರಿಗೆ ಜೀವ ಬಂದಂತಾಯಿತು. ಗಾಯಾಳುವನ್ನು ಹೊರುವ ಪಾಠದಲ್ಲಿ ಅವರ ಸಮ ಯಾರೂ ಇರಲಿಲ್ಲ. ದಪ್ಪನೆಯ ಹುಡುಗನೊಬ್ಬನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ನಾಲ್ವರಿಂದ ಹೊರಿಸಿ, ಪಕ್ಕದಲ್ಲೇ ನಡೆಯುತ್ತಿದ್ದರು.

"ಕಾಲ್ ಕಡೆ ಮುಂದಕ್ ಮಾಡ್ಕೊಂಡ್ ಇಳೀಬೇಕು ಕಣ್ರಪ್ಪ. ತಲೆ ಮೇಲಿರ್ಲಿ. ಅವ್ನು ನಿಮ್ ಮುಖ ನೋಡ್ತಾ ಇರ್ತಾನೆ, ಗೊತ್ತಾ? ನೀವು ಎದ್ರುಕೊಂಡ್ರೆ ಅವ್ನು ಸತ್ತೋಯ್ತೀನಿ ಅನ್ಕೋತಾನೆ. ನಗ್ನಗ್ತಾ ಇಳೀರಿ."

ಮೇಲೆ ಮಲಗಿದ್ದ ಹುಡುಗ, "ಸಾರ್, ಇವ್ರು ನಗ್ತಾ ಇಲ್ಲ, ಬೈತಾವ್ರೆ" ಎಂದ.

"ನಿನ್ ತೂಕಕ್ಕೆ ಬೈದೇ ಬೈತಾರೆ. ಸುಮ್ಕೆ ಸಾಯಿ" ಎಂದರು ಸಿದ್ದರಾಜು.

ಪಾಠದ ನಡುವೆ ಅವರು ಒಂದು ಅನುಭವ ಹೇಳುತ್ತಿದ್ದರು. ಎತ್ತರದ ಗಡಿ ಠಾಣೆಯೊಂದರ ಮೇಲೆ ಗುಂಡಿನ ಚಕಮಕಿ, ಕೆಳಗಿನ ಆಸ್ಪತ್ರೆಯವರೆಗೆ ಹಿಮದ ಇಳಿಜಾರು, ಗಾಯಗೊಂಡ ಜೊತೆಗಾರನನ್ನು ಹೊತ್ತು ಇಳಿದದ್ದು. ಹುಡುಗರು ಉಸಿರು ಹಿಡಿದು ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ, ಆದರೆ ಲೆಕ್ಕ ಹಾಕುತ್ತಾ. ಆಗಸ್ಟಿನಲ್ಲಿ ಅವರು ಇಳಿಯಲು ಆರು ಗಂಟೆ ಹಿಡಿಯಿತು ಎಂದಿದ್ದರು. ಶಿಬಿರದಲ್ಲಿ ಒಂಬತ್ತು ಗಂಟೆ ಎಂದರು. ಒಮ್ಮೆ ಆ ಜೊತೆಗಾರ ಈಗ ಪಂಜಾಬಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ ಎಂದರು. ಇನ್ನೊಮ್ಮೆ ಯಾರೋ ಕೇಳಿದ್ದಕ್ಕೆ, "ಉಳೀಲಿಲ್ಲ ಕಣಪ್ಪ" ಎಂದರು. ನನ್ನ ತಲೆಯಲ್ಲಿ ಕೆಂಪು ಗೆರೆ ಬಿತ್ತು. ಅವರನ್ನೇ ಕೇಳಬಹುದಿತ್ತು. ಮೈದಾನದಿಂದ ಕ್ಯಾಂಟೀನಿಗೆ ನಡೆಯುವಷ್ಟು ಹೊತ್ತು ಸಾಕಿತ್ತು. ಕೇಳಲಿಲ್ಲ. ಮುಂದಿನ ವರ್ಷದ ಪರಿಚಯಕ್ಕೆ ವಿವರ ಬೇಕೆಂದು ಹೇಳಿ ನಮ್ಮ ಕೆಡೆಟ್ ಬೆಟಾಲಿಯನ್ ಕಚೇರಿಗೆ ಹೋಗಿ, ಗುಮಾಸ್ತರಿಂದ ಅವರ ಸೇವಾ ವಿವರದ ಹಾಳೆ ತೆಗೆಸಿದೆ. ಕೆಲಸ ಎಂಬ ಕಡೆ ಒಂದೇ ಪದವಿತ್ತು: ಬ್ಯಾಂಡ್. ಅದರ ಮುಂದೆ, ಸೈಡ್ ಡ್ರಮ್.

ಆ ಹಾಳೆ ಕೈಯಲ್ಲಿದ್ದಾಗ ನನಗೆ ಆದದ್ದು ಸಂತೋಷ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಈ ಒಂದು ವಿಷಯದಲ್ಲಿ ನನ್ನ ನೆನಪಿನ ಮೇಲೆ ಸಂಶಯವಿಲ್ಲ. ಗುಂಡಿನ ಠಾಣೆ, ಹಿಮ, ಹೊತ್ತು ಇಳಿದದ್ದು, ಎಲ್ಲವೂ ಡ್ರಮ್ ಬಾರಿಸುವವನೊಬ್ಬ ಹುಡುಗರನ್ನು ಮೆಚ್ಚಿಸಲು ಕಟ್ಟಿದ ಕಥೆ. ನಾನು ಅದನ್ನು ಹಿಡಿದೆ.

ಅವರನ್ನು ಒಳಗೆ ಕರೆದು ಮಾತಾಡುವ ಬದಲು ಪರಿಚಯದ ಪಟ್ಟಿಯನ್ನು ತಿದ್ದಿದೆ. ಹಿಂದಿನ ವರ್ಷ ಅವರು ಹೇಳಿದಂತೆ "ಎತ್ತರದ ಗಡಿ ಠಾಣೆಗಳಲ್ಲಿ ಸೇವೆ" ಎಂದು ಓದಿದ್ದೆ. ಈ ವರ್ಷ, ಬೋಧಕರೆಲ್ಲ ಸಾಲಾಗಿ ನಿಂತಿರುವಾಗ, "ಹವಾಲ್ದಾರ್ ಸಿದ್ದರಾಜು, ಕಾಲಾಳು ಬೆಟಾಲಿಯನ್, ಬ್ಯಾಂಡ್ ವಿಭಾಗ, ಡ್ರಮ್ ವಾದಕರು" ಎಂದು ಓದಿದೆ. ಅಷ್ಟೇ. ಒಂದಕ್ಷರವೂ ಸುಳ್ಳಲ್ಲ.

ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಅದು ಸಾಲಿನುದ್ದಕ್ಕೂ ಹರಿಯಿತು. ಹಿಂದಿನಿಂದ ಒಂದು ದನಿ, "ಏಯ್, ತಮಟೆ ಸಾಹೇಬ್ರು ಕಣೋ" ಎಂದಿತು. ಸಿದ್ದರಾಜು ಸಾವಧಾನ್ ಸ್ಥಿತಿಯಲ್ಲಿ ನಿಂತಿದ್ದರು. ಕಣ್ಣು ಎದುರಿನ ಮರದ ಮೇಲಿತ್ತು. ಅವರ ಸರದಿ ಬಂದಾಗ ಮುಂದೆ ಬಂದು ಡ್ರಿಲ್ ನಡೆಸಿದರು. ದನಿ ಎಂದಿನಂತೆಯೇ ಇತ್ತು.

ಇಲ್ಲಿ ನನ್ನ ಮನೆಯ ಹಿನ್ನೆಲೆಯನ್ನೂ ಓದಬೇಕು. ದೇವರಾಜ ಮೊಹಲ್ಲಾದಲ್ಲಿ ನಮ್ಮ ತಂದೆಯದು ವಿಭೂತಿ, ರುದ್ರಾಕ್ಷಿ, ಪೂಜಾ ಸಾಮಾನಿನ ಅಂಗಡಿ. ನಮ್ಮ ಮನೆತನ ಮಠಕ್ಕೆ ನಡೆದುಕೊಂಡು ಬಂದದ್ದು. ಬೀದಿಯಲ್ಲಿ ತಮಟೆಯ ಸದ್ದು ಬಂದರೆ ಅರ್ಧ ಬಾಗಿಲು ಹಾಕಿ ಒಳಗೆ ಸರಿಯುತ್ತಿದ್ದೆವು, ಹೆಣ ದಾಟಿ ಹೋಗುವವರೆಗೆ. ಹತ್ತಾರು ವರ್ಷ ಆ ಸದ್ದು ಕೇಳಿದ್ದೇನೆ. ಬಾರಿಸುವವರಲ್ಲಿ ಒಬ್ಬರ ಮುಖವನ್ನಾದರೂ ನೋಡಿದ ನೆನಪಿಲ್ಲ. ಹಿಂದಿನ ಸಾಲಿನ ಆ ದನಿಗೆ ಡ್ರಮ್ ಎಂದೊಡನೆ ತಮಟೆ ಯಾಕೆ ಹೊಳೆಯಿತು, ತಮಟೆ ಎಂದರೆ ನಗು ಯಾಕೆ ಬರುತ್ತದೆ, ಅದು ಯಾರ ಮೇಲೆ ಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿನಲ್ಲಿ ಹೊಳೆಯಲಿಲ್ಲ ಎಂದು ಹೇಳಿಕೊಳ್ಳುತ್ತಾ ಬಂದಿದ್ದೇನೆ.

ಆಮೇಲಿನ ವಾರಗಳಲ್ಲಿ ಸಿದ್ದರಾಜು ಅವರ ಪಾಠ ಕೆಡುತ್ತಾ ಬಂತು. ಅವರು ಬೆನ್ನು ತಿರುಗಿಸಿದರೆ ಸಾಕು, ಯಾರೋ ತಿಂಡಿಯ ತಟ್ಟೆಯ ಮೇಲೆ ಬೆರಳಿನಿಂದ ಬಾರಿಸುತ್ತಿದ್ದರು. ಸ್ಟ್ರೆಚರ್ ಪಾಠದಲ್ಲಿ ಮಲಗಿದ ಹುಡುಗ ಹೆಣದಂತೆ ನಾಲಿಗೆ ಚಾಚಿದ. ಹೊತ್ತ ನಾಲ್ವರು ಕುಣಿದರು. ಅವರು ಯಾರಿಗೂ ಶಿಕ್ಷೆ ಕೊಡಲಿಲ್ಲ. ಹಿಮದ ಇಳಿಜಾರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಒಂದು ಮಧ್ಯಾಹ್ನ ನನ್ನ ವಿಭಾಗಕ್ಕೆ ಬಂದರು. ಕೈಯಲ್ಲಿ ಅರ್ಜಿ. ಅವಧಿಗೆ ಮೊದಲೇ ತಮ್ಮ ಬೆಟಾಲಿಯನ್ನಿಗೆ ಮರಳಲು ಅನುಮತಿ ಕೇಳಿದ್ದರು. ಕಾಲೇಜಿನ ಕಡೆಯ ಅಭಿಪ್ರಾಯ ಬರೆಯಬೇಕಾದವನು ನಾನು.

"ಯಾಕ್ರೀ, ಇನ್ನೂ ಒಂದು ವರ್ಷ ಇದೆಯಲ್ಲ?" ಎಂದೆ.

"ಅಂಗೇನಿಲ್ಲ ಸಾರ್. ಓಗ್ಬೇಕು ಅನ್ನಿಸ್ತು."

"ಪರಿಚಯದ ವಿಷಯಕ್ಕಾ? ನಾನು ದಾಖಲೆಯಲ್ಲಿ ಇದ್ದದ್ದನ್ನ ಓದಿದೆ, ಅಷ್ಟೇ."

"ಇದ್ದಿದ್ನೇ ಓದಿದ್ರಿ ಸಾರ್. ನಾನು ಡ್ರಮ್ಮೇ ಬಾರಿಸ್ತಿದ್ದದ್ದು."

ಇಷ್ಟು ನನಗೆ ಗಟ್ಟಿಯಾಗಿ ನೆನಪಿದೆ. ಇದರ ಮುಂದಿನ ಮಾತನ್ನು ಅವರೇ ನನಗೆ ಹೇಳಿದರೋ, ಆಮೇಲೆ ಸುಬೇದಾರ್ ಪಾಟೀಲರ ಬಾಯಿಂದ ಕೇಳಿದ್ದನ್ನು ನಾನು ಅವರ ಬಾಯಿಗೆ ಹಾಕಿದ್ದೇನೋ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅವರು ಬಾಗಿಲ ಬಳಿ ನಿಂತು ಹೇಳುತ್ತಾರೆ:

"ನಮ್ಮಪ್ಪ ಊರಲ್ಲಿ ತಮಟೆ ಒಡೀತಿದ್ರು ಸಾರ್. ಯಾರೇ ಸತ್ರೂ ಕರೆ ಬರೋದು. ನಂಗೆ ಅದು ಬ್ಯಾಡ ಅಂತ ಮಿಲ್ಟ್ರಿಗೆ ಓಡೋಗ್ಬುಟ್ಟೆ. ಅಲ್ಲಿ ನನ್ ಕೈ ನೋಡಿ, ಇವ್ನಿಗೆ ತಾಳ ಐತೆ ಅಂತ ಡ್ರಮ್ಮೇ ಕೊಟ್ರು. ಮೊದ್ಲು ಅತ್ಬುಟ್ಟೆ. ಆಮೇಲೆ ನೋಡಿದ್ರೆ ಅಲ್ಲಿ ಅದಕ್ಕೆ ಯಾರೂ ನಗ್ತಿರ್ಲಿಲ್ಲ."

ನಾನು ಅರ್ಜಿಯ ಮೇಲೆ "ಅಭ್ಯಂತರವಿಲ್ಲ" ಎಂದು ಬರೆದು ಸಹಿ ಮಾಡಿದೆ. ಅದು ಮಾತ್ರ ನನ್ನದೇ ಕೈಬರಹ.

ನಮ್ಮ ಮೇಲಧಿಕಾರಿ ಕರ್ನಲ್ ಸಾಹೇಬರು ಕಾಗದಗಳ ಮನುಷ್ಯ. ಒಬ್ಬ ಬೋಧಕ ಹೋದರೆ ಇನ್ನೊಬ್ಬ ಬರುತ್ತಾನೆ ಎಂದು ಅರ್ಜಿಯನ್ನು ಮುಂದಕ್ಕೆ ಕಳಿಸಿದರಂತೆ. ನನಗೆ ಆ ದಿನಗಳಲ್ಲಿ ಪರೀಕ್ಷೆಯ ಕೆಲಸ. ಭಾನುವಾರದ ಹೊರತು ದಳದ ಕಡೆ ತಲೆ ಹಾಕುತ್ತಿರಲಿಲ್ಲ. ಅಂಥದೊಂದು ಭಾನುವಾರ ಪೆರೇಡ್ ಮುಗಿದು ಕೆಡೆಟ್‌ಗಳು ಇಡ್ಲಿ ತಿನ್ನುತ್ತಿದ್ದಾಗ ಸುಬೇದಾರ್ ಪಾಟೀಲರು ನನ್ನ ಪಕ್ಕ ಬಂದು ಕುಳಿತರು. ಬೆಳಗಾವಿ ಕಡೆಯ ಹಿರಿಯರು, ಎರಡು ಮಾತಿನಲ್ಲಿ ಮುಗಿಸುವವರು. ಅಂದು ಮುಗಿಸಲಿಲ್ಲ.

"ಸರ, ಒಂದ್ ಮಾತ್ ಕೇಳ್ತೀನ್ರಿ. ಲಡಾಯಿ ನಡದಾಗ ಬ್ಯಾಂಡಿನವ್ರು ಏನ್ ಮಾಡ್ತಾರಂತ ತಿಳದೀರಿ?"

"ಹಿಂದೆ ಇರ್ತಾರೆ, ಬಾರಿಸ್ತಾರೆ."

"ಯಾರ ಮುಂದ ಬಾರಸ್ತಾರ್ರಿ? ವೈರಿ ಮುಂದೇನು?" ಅವರು ನಗಲಿಲ್ಲ. "ಬಾಜಾ ಎಲ್ಲಾ ಸ್ಟೋರಿನಾಗ ಇಟ್ಟು, ಸ್ಟ್ರೆಚರ್ ಹಿಡೀತಾರ್ರಿ. ಗುಂಡ್ ಬಿದ್ದಲ್ಲಿ ಹೋಗಿ ಮಂದೀನ ಎತ್ಕೊಂಡ್ ಬರೂದು ಅವ್ರ ಕೆಲಸ. ಕೈಯಾಗ ಬಂದೂಕನೂ ಇರಂಗಿಲ್ಲ ಎಷ್ಟೋ ಸಲ. ಇದು ನಮ್ ಕಡೆ ಸಣ್ಣ ಸಿಪಾಯಿಗೂ ಗೊತ್ತದ."

"ಮತ್ತೆ ಆರು ಗಂಟೆ, ಒಂಬತ್ತು ಗಂಟೆ?" ನನಗೆ ಬಾಯಿಗೆ ಬಂದದ್ದು ಅದೇ.

ಪಾಟೀಲರು ಎರಡು ಬೆರಳು ಎತ್ತಿದರು. "ಎರಡ್ ಸಲ ಇಳದಾನ್ರಿ ಅವ. ಇಬ್ರನ್ನ ಇಳಸ್ಯಾನ. ಒಬ್ಬ ಉಳದ, ಒಬ್ಬ ದಾರಿಯಾಗ ಹೋದ. ನೀವು ಎಣಿಸೂ ಮಂದಿ ಅದೀರಿ, ಒಂದ್ ಸಲ ಕೇಳ್ಬೇಕಿತ್ರಿ."

ಹೊಸದಾಗಿ ಬರುವವರಿಗೆ ಹೇಳಬೇಕಾದ ಪಾಠ ಏನಾದರೂ ನನ್ನಲ್ಲಿದ್ದರೆ ಅದು ಇದೇ. ನಾವು ವಿಶ್ವವಿದ್ಯಾಲಯದವರು ಎರಡು ಅಂಕಿ ಹೊಂದದಿದ್ದರೆ ಒಂದು ಸುಳ್ಳು ಎಂದು ತೀರ್ಮಾನಿಸುತ್ತೇವೆ. ಎರಡು ಪ್ರಸಂಗ ಇರಬಹುದು ಎಂಬುದು ನಮಗೆ ತೋಚುವುದಿಲ್ಲ. ದಾಖಲೆಯಲ್ಲಿರುವ ಒಂದು ಪದಕ್ಕೆ ಅದನ್ನು ಬರೆದವರ ಜಗತ್ತಿನಲ್ಲಿ ಏನು ಅರ್ಥ ಎಂದು ಅವರನ್ನೇ ಕೇಳದೆ, ನಮ್ಮ ಬೀದಿಯ ಅರ್ಥ ಹಚ್ಚುತ್ತೇವೆ. ಈಗ ಪರಿಚಯ ಪರದೆಯ ಮೇಲೆ ಬರುತ್ತದೆ, ಬೋಧಕರ ಫೋಟೊ ಸಮೇತ, ಹಾಜರಿ ಫೋನಿನಲ್ಲಿ. ಆದರೆ ಆ ಪರದೆಯ ಮೇಲಿನ ಸಾಲುಗಳನ್ನು ಯಾರೋ ಒಬ್ಬರು ಬರೆಯಲೇಬೇಕು. ಬರೆಯುವ ಮೊದಲು ಆ ವ್ಯಕ್ತಿಯ ಜೊತೆ ಕುಳಿತು ಒಂದು ಲೋಟ ಕಾಫಿ ಕುಡಿಯಿರಿ.

ಪಾಟೀಲರ ಮಾತು ಕೇಳಿದ ಮುಂದಿನ ಭಾನುವಾರವೇ ನಾನು ತಪ್ಪನ್ನು ತಿದ್ದಿದೆ. ಅಂದು ಕರ್ನಲ್ ಸಾಹೇಬರ ತಪಾಸಣೆ ಇತ್ತು. ಅವರು ಹೊರಟ ಮೇಲೆ ಕೆಡೆಟ್‌ಗಳನ್ನು ನಿಲ್ಲಿಸಿಕೊಂಡು, ಬ್ಯಾಂಡಿನವರು ಯುದ್ಧದಲ್ಲಿ ಮಾಡುವ ಕೆಲಸ ಏನೆಂದು ವಿವರಿಸಿದೆ. ಸಿದ್ದರಾಜು ಅವರು ಇಬ್ಬರನ್ನು ಹೊತ್ತು ತಂದದ್ದನ್ನು ಹೇಳಿದೆ. ನಾನು ತಿಳಿಯದೆ ಓದಿದೆ, ನೀವು ತಿಳಿಯದೆ ನಕ್ಕಿರಿ, ಇಬ್ಬರ ಪರವಾಗಿಯೂ ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದೆ. ಬೋಧಕರ ಸಾಲಿನಲ್ಲಿ ಮೂರನೆಯವರಾಗಿ ಅವರು ನಿಂತಿದ್ದರು. ಟೋಪಿಯ ನೆರಳಿನಲ್ಲಿ ಮುಖ ಸರಿಯಾಗಿ ಕಾಣಲಿಲ್ಲ, ಆದರೆ ಗದ್ದ ಸ್ವಲ್ಪ ಮೇಲೆದ್ದಿತು. ಈ ಪ್ರಸಂಗವನ್ನು ವರ್ಷಗಟ್ಟಲೆ ಹೇಳಿದ್ದೇನೆ. ನನ್ನ ಬೀಳ್ಕೊಡುಗೆಯ ದಿನವೂ ಹೇಳಿದೆ. ಕೇಳಿದವರು ಚಪ್ಪಾಳೆ ತಟ್ಟಿದರು.

ನಿವೃತ್ತನಾದ ಮೇಲೆ ಒಮ್ಮೆ ದಟ್ಟಗಳ್ಳಿಯಲ್ಲಿ ತರಕಾರಿ ಅಂಗಡಿಯ ಮುಂದೆ ಸಿದ್ದರಾಜು ಸಿಕ್ಕರು. ಕೂದಲು ನೆರೆತಿತ್ತು, ನಡಿಗೆ ಅದೇ.

"ನಮಸ್ಕಾರ ಸಾರ್. ಗುರ್ತು ಸಿಕ್ತಾ?"

"ಸಿದ್ದರಾಜು ಅಲ್ವೇನ್ರಿ? ಎಲ್ಲಿದ್ದೀರಿ ಈಗ?"

"ಇಲ್ಲೇ ಹಿಂದ್ಗಡೆ ಬೀದೀಲಿ ಮನೆ ಮಾಡ್ಕಂಡ್ವಿ. ಮಗಳು ನರ್ಸಿಂಗ್ ಓದ್ತಾವ್ಳೆ. ಭಾನುವಾರ ಬುದ್ಧ ವಿಹಾರದ್ ಕಡೆ ಓಗ್ತೀವಿ. ನೀವು ಚೆನ್ನಾಗಿದ್ದೀರಾ?"

ಚೆನ್ನಾಗಿದ್ದೇನೆ ಎಂದೆ. ಸುಮ್ಮನಿರಲಾರದೆ, "ಆವತ್ತಿನ ವಿಷಯ ಆವತ್ತೇ ಮುಗೀತಲ್ಲ, ನನಗೆ ಅದೊಂದು ಸಮಾಧಾನ" ಎಂದೆ.

ಅವರು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಹೂಂ ಸಾರ್. ಮುಗ್ದೋಯ್ತು ಬುಡಿ" ಎಂದರು. ನಾನು ಹಗುರಾಗಿ ಮನೆಗೆ ಬಂದೆ.

ಇಷ್ಟನ್ನೂ ಬರೆದು ಕಾವ್ಯಳಿಗೆ ಓದಲು ಕೊಟ್ಟೆ. ಆ ವರ್ಷ ಅವಳು ಮುಂದಿನ ಸಾಲಿನ ಕೆಡೆಟ್. ಓದಿ ಹಾಳೆ ಮಡಿಚಿದಳು.

"ನಾನೂ ನಕ್ಕಿದ್ದೆ ಸಾರ್, ಮೊದಲ್ನೇ ದಿನ."

"ನಾನು ಕ್ಷಮೆ ಕೇಳಿದ್ದು ನೆನಪಿದೆಯಾ?"

"ಇದೆ ಸಾರ್, ಇನ್‌ಸ್ಪೆಕ್ಷನ್ ಆದ್ ದಿನ. ಚೆನ್ನಾಗಿ ಮಾತಾಡಿದ್ರಿ. ತಟ್ಟೆ ಬಾರಿಸ್ತಿದ್ದ ಹುಡುಗ್ರು ಅತ್ರು." ಮಡಿಚಿದ ಹಾಳೆಯನ್ನು ಮತ್ತೆ ಬಿಚ್ಚಿ, "ಆದ್ರೆ ಸಿದ್ದರಾಜು ಸಾರ್ ಅಲ್ಲಿದ್ರಾ?" ಎಂದಳು.

"ಮೂರನೆಯವರಾಗಿ ನಿಂತಿದ್ದರು."

"ನಂಗೆ ಅವ್ರನ್ನ ನೋಡಿದ್ ನೆನಪಿಲ್ಲ ಸಾರ್. ಅದಕ್ಕೇ ಕೇಳ್ದೆ."

ಆ ವಾರವೆಲ್ಲ ಮನೆಯಲ್ಲಿ ಕೂರಲಾಗಲಿಲ್ಲ. ಪಾಟೀಲರಿಗೆ ಫೋನು ಮಾಡೋಣವೆಂದರೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಗೆ ಕಾವ್ಯ ಬೆಟಾಲಿಯನ್ ಕಚೇರಿಯಲ್ಲಿ ಅನುಮತಿ ಪಡೆದು, ಕಪಾಟಿನ ಮೇಲಿಟ್ಟಿದ್ದ ಹಳೆಯ ಆದೇಶ ಪುಸ್ತಕಗಳನ್ನು ಇಳಿಸಿ ಕೊಟ್ಟಳು. ಕರ್ನಲ್ ಸಾಹೇಬರ ತಪಾಸಣೆಯ ದಿನ ಅದರಲ್ಲಿ ದಾಖಲಾಗಿತ್ತು, ಭಾನುವಾರವೇ. ಎರಡು ಪುಟ ಹಿಂದಕ್ಕೆ ತಿರುವಿದೆ. ಹವಾಲ್ದಾರ್ ಸಿದ್ದರಾಜು ಅವರನ್ನು ಬೋಧಕ ಹುದ್ದೆಯಿಂದ ಬಿಡುಗಡೆ ಮಾಡಿ, ಅಂದೇ ಬೆಳಗಿನ ರೈಲಿಗೆ ಕಳಿಸಿದ ಆದೇಶ ಅಲ್ಲಿತ್ತು. ಆ ದಿನ ಬುಧವಾರ, ತಪಾಸಣೆಗೆ ನಾಲ್ಕು ದಿನ ಮೊದಲು.